ಹಾಡಿ ಕ್ಲೀನ್ ಮಾಡ್ಸುವ ಮೊದಲು

ಅಮೆರಿಕದ ಯಾವುದೋ ಕಾಡಂಚಿನಲ್ಲಿ ಗಡ್ಡದ ಯುವಕನೊಬ್ಬ ಎಳೆಯ ಗಿಡವೊಂದನ್ನು ಬೇರುಸಮೇತ ಕೀಳುತ್ತಾನೆ. ಬೇರನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಾನೆ. ಮನೆಗೆ ತಂದು ತೊಳೆದು, ಕುದಿಸಿ, ಕೆಂಪನೆಯ ಚಹಾ ಮಾಡಿ ಕುಡಿಯುತ್ತಾನೆ. ಮರದ ಹೆಸರು ಸ್ಯಾಸಫ್ರಾಸ್. ಒಂದೇ ಮರದಲ್ಲಿ ಮೂರು ನಮೂನೆಯ ಎಲೆ: ಒಂದು ಮೊಟ್ಟೆಯ ಹಾಗೆ, ಒಂದು ಹೆಬ್ಬೆರಳು ಚಾಚಿದ ಕೈಯ ಹಾಗೆ, ಇನ್ನೊಂದಕ್ಕೆ ಮೂರು ಹಾಲೆ. ಈ ವಿಡಿಯೋ ನಮ್ಮ ಊರ ಹುಡುಗರ ವಾಟ್ಸಾಪ್ ಗ್ರೂಪಿಗೆ ಬಂತು. ಗ್ರೂಪಿನವರೆಲ್ಲ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರು. ಇರುವುದು ಮಾತ್ರ ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ, ಹೈದರಾಬಾದು, ದುಬೈ. ವಿಡಿಯೋ ಕೆಳಗೆ ಒಬ್ಬ ಬರೆದ: “ಸೂಪರ್. ನಮ್ಮಲ್ಲಿ ಇಂಥದ್ದೆಲ್ಲ ಎಲ್ಲಿತ್ತ್ ಮಾರಾಯಾ?” ಪಟಪಟನೆ ಹೆಬ್ಬೆರಳುಗಳು ಬಿದ್ದವು.

ನನ್ನ ತಕರಾರು ಆ ಒಂದು ಸಾಲಿನ ಮೇಲೆ. ಅದನ್ನು ಬರೆದವನ ಮನೆ ಹಿಂದೆ ಹಾಡಿ ಇದೆ. ನಾನೇ ಎಷ್ಟೋ ಸಲ ಅದರೊಳಗೆ ಓಡಾಡಿದ್ದೇನೆ. ಅಲ್ಲಿ ದಾಲ್ಚಿನ್ನಿ ಮರ ಇದೆ; ಒಂದಲ್ಲ, ಸಣ್ಣದು ದೊಡ್ಡದು ಸೇರಿ ನಾಲ್ಕೈದು. ದಾಲ್ಚಿನ್ನಿಯೂ ಸ್ಯಾಸಫ್ರಾಸೂ ಒಂದೇ ಸಸ್ಯಕುಟುಂಬದವು, ಲಾರೇಸಿ ಅಂತ ಅದರ ಹೆಸರು. ಕರ್ಪೂರದ ಮರವೂ ಅದೇ ಮನೆತನ. ವೀಕೆಂಡಿನಲ್ಲಿ ನಾವು ಟೋಸ್ಟಿನ ಮೇಲೆ ಸವರಿಕೊಂಡು ಫೋಟೋ ಹಾಕುವ ಬೆಣ್ಣೆಹಣ್ಣೂ ಅದೇ ಮನೆತನ. ಅಮೆರಿಕದ ಹುಡುಗ ಹುಡುಕಿಕೊಂಡು ಹೋದ ಮರದ ದಾಯಾದಿ ನಮ್ಮ ಹಿತ್ತಿಲಲ್ಲೇ ನಿಂತಿದ್ದರೂ ನಾವು “ನಮ್ಮಲ್ಲಿ ಎಲ್ಲಿ” ಅನ್ನುತ್ತೇವೆ. ಇದು ಬರೀ ಗೊತ್ತಿಲ್ಲದ ವಿಷಯವಾಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಆದರೆ ಹೆಸರು ಗೊತ್ತಿಲ್ಲದ ಮರವನ್ನು ಕಡಿಸುವುದು ಬಹಳ ಸುಲಭ. ಈಗ ಹಾಗೆ ಕಡಿಸುತ್ತಿರುವವರು ನಾವೇ, ಬೆಂಗಳೂರಿನಲ್ಲಿ ಕೂತು, ಗೂಗಲ್ ಪೇ ಮಾಡಿ.

ಬೇರೆ ಕಡೆಯ ಓದುಗರಿಗೆ ಒಂದು ಮಾತು. ಮೈಸೂರು, ಕೊಡಗಿನ ಕಡೆ ಹಾಡಿ ಎಂದರೆ ಆದಿವಾಸಿಗಳ ಊರು. ನಮ್ಮ ಕುಂದಾಪ್ರ ಕನ್ನಡದಲ್ಲಿ ಹಾಡಿ ಎಂದರೆ ಮನೆ, ಗದ್ದೆಗಳ ಹಿಂದಿನ ಸಣ್ಣ ಕಾಡು. ಮುರಕಲ್ಲಿನ ದಿಬ್ಬ, ಮೇಲೊಂದಿಷ್ಟು ಮಣ್ಣು, ಅದರ ತುಂಬ ಮರ, ಬಳ್ಳಿ, ಪೊದೆ. ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು, ಹಟ್ಟಿಗೆ ದರಗು, ಎಲ್ಲ ಬರುತ್ತಿದ್ದುದು ಅಲ್ಲಿಂದ. ಎಷ್ಟೋ ಮನೆಗಳ ಹಾಡಿ ಇರುವುದು ಕುಮ್ಕಿ ಜಾಗದಲ್ಲಿ. ಮದ್ರಾಸ್ ಆಡಳಿತದ ಕಾಲದಲ್ಲಿ ಹಳೆಯ ವರ್ಗ ಜಮೀನಿನ ಅಂಚಿನಿಂದ 100 ಗಜದ ಒಳಗಿರುವ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆದುಕೊಳ್ಳುವ ಸೌಲಭ್ಯವನ್ನು ಆ ಜಮೀನಿನವರಿಗೆ ಕೊಟ್ಟಿದ್ದರು. ಕುಮ್ಕಿ ಎಂಬ ಶಬ್ದವೇ ಕುಮ್ಮಕ್ಕಿನ ಒಡಹುಟ್ಟು, ಎಂದರೆ ನೆರವು. ಬೇಸಾಯಕ್ಕೆ ನೆರವಾಗಲಿ ಎಂದು ಬಿಟ್ಟ ಜಾಗ. ಸೊಪ್ಪು ನಿನ್ನದು, ನೆಲ ನಿನ್ನದಲ್ಲ. ಈಗ ನಮ್ಮಲ್ಲಿ ಕುಮ್ಕಿಯ ಚರ್ಚೆ ಏನಿದ್ದರೂ ಪಹಣಿಯಲ್ಲಿ ಹೆಸರು ಬರುತ್ತದೋ ಇಲ್ಲವೋ ಎಂಬುದರ ಬಗ್ಗೆ. ಆ ನೆಲದ ಮೇಲೆ ಏನು ನಿಂತಿದೆ ಎಂದು ಯಾರೂ ಕೇಳುವುದಿಲ್ಲ.

ಏನು ನಿಂತಿದೆ? ಹಲಸು, ಮುರುಗಲು, ಉಪ್ಪಾಗೆ, ಹಾಲೆ, ಕಾಸರಕ, ರೆಂಜೆ, ಬೋಗಿ. ನಡುವೆ ಎಲ್ಲೋ ಒಂದು ಕಡೆ ದಾಲ್ಚಿನ್ನಿ. ಪಶ್ಚಿಮ ಘಟ್ಟದಲ್ಲಿ ಕಾಡು ದಾಲ್ಚಿನ್ನಿಯ ಹಲವು ಪ್ರಭೇದಗಳಿವೆ. ಕೊಲ್ಲೂರಿನ ಮೂಕಾಂಬಿಕಾ ಅಭಯಾರಣ್ಯದಂಥ ದಟ್ಟ ಕಾಡಿನಲ್ಲೂ ಇವೆ, ಹಕ್ಕಿ ಹಣ್ಣು ತಿಂದು ಬೀಜ ಹಾಕಿದ ನಮ್ಮ ಹಾಡಿಯಲ್ಲೂ ಇವೆ. ಗುರುತು ಹಿಡಿಯುವುದು ಕಷ್ಟವೇನಲ್ಲ. ಎಲೆಗಳು ಹೆಚ್ಚುಕಮ್ಮಿ ಎದುರುಬದುರು. ಎಲೆಯ ಬುಡದಿಂದ ಮೂರು ನರ ಹೊರಟು ಉದ್ದಕ್ಕೆ ತುದಿಯ ಕಡೆಗೆ ಹೋಗುತ್ತವೆ. ಹೊಸ ಚಿಗುರು ಬಂದಾಗ ಇಡೀ ಮರ ನಸುಗೆಂಪು. ಎಲೆ ಹರಿದು ಹಿಸುಕಿದರೆ ಪಲಾವಿನ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಪರಿಮಳ.

ಈ ಪರಿಮಳದ ಪರೀಕ್ಷೆಯನ್ನು ತಪ್ಪಿಸಲೇಬೇಡಿ. ಯಾಕೆಂದರೆ ಅದೇ ಹಾಡಿಯ ಕಾಸರಕದ ಎಲೆಯೂ ಎದುರುಬದುರು, ಅದೂ ಹೊಳೆಯುತ್ತದೆ, ಅದರಲ್ಲೂ ಬುಡದಿಂದ ಮೂರರಿಂದ ಐದು ನರ. ಕಾಸರಕದಲ್ಲಿರುವುದು ಸ್ಟ್ರಿಕ್ನೈನ್ ಎಂಬ ಘೋರ ವಿಷ. ಎಲೆ ಹಿಸುಕಿದಾಗ ಚಕ್ಕೆಯ ವಾಸನೆ ಬರಲಿಲ್ಲವೋ, ಕೈ ತೊಳೆದುಕೊಂಡು ಮನೆಗೆ ಬನ್ನಿ. ವಾಸನೆ ಬಂದರೂ ಮೊದಲ ಸಲ ಊರಿನ ತಿಳಿದವರೊಬ್ಬರಿಗೆ ತೋರಿಸದೆ ಬಾಯಿಗೆ ಹಾಕಬೇಡಿ. ರೀಲ್ಸ್ ನೋಡಿ ಕಾಡಿಗೆ ಹೋಗುವ ಹೊಸ ಖಯಾಲಿಯವರಿಗೆ ಇದನ್ನು ಒತ್ತಿ ಹೇಳಬೇಕು. ಆ ಗಡ್ಡದ ಹುಡುಗ ಕೂಡ ಪೂರ್ತಿ ಕತೆ ಹೇಳುವುದಿಲ್ಲ. ಸ್ಯಾಸಫ್ರಾಸಿನ ಬೇರಿನಲ್ಲಿ ಸ್ಯಾಫ್ರೋಲ್ ಎಂಬ ಅಂಶ ಇದೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಅದು ಕ್ಯಾನ್ಸರ್‌ಕಾರಕ ಎಂದು ಕಂಡುಬಂದ ಮೇಲೆ ಅಮೆರಿಕದ ಸರ್ಕಾರವೇ 1960ರಲ್ಲಿ ಅದನ್ನು ಆಹಾರಕ್ಕೆ ಸೇರಿಸದಂತೆ ನಿಷೇಧಿಸಿತು. ಕಾಡಿನಿಂದ ಬಂತು ಅಂದಮಾತ್ರಕ್ಕೆ ಅಮೃತವಲ್ಲ.

ಅಂಗಡಿಯಿಂದ ಬಂದದ್ದೂ ಅಮೃತವಲ್ಲ. ನಿಮ್ಮ ಅಡುಗೆಮನೆಯ ಡಬ್ಬಿ ತೆಗೆದು ಚಕ್ಕೆಯನ್ನು ನೋಡಿ. ದಪ್ಪಗೆ, ಗಟ್ಟಿಯಾಗಿ, ಒಂದೇ ಪದರದ ಮರದ ಸಿಪ್ಪೆಯ ಹಾಗಿದ್ದರೆ ಅದು ದಾಲ್ಚಿನ್ನಿ ಅಲ್ಲ, ಕ್ಯಾಸಿಯಾ. ಹೆಚ್ಚಾಗಿ ವಿಯೆಟ್ನಾಂ, ಚೀನಾ, ಇಂಡೊನೇಷ್ಯಾದಿಂದ ಹಡಗಿನಲ್ಲಿ ಬಂದದ್ದು. ಅಸಲಿ ದಾಲ್ಚಿನ್ನಿ ಕಾಗದದಷ್ಟು ತೆಳು, ಪದರದೊಳಗೆ ಪದರ ಸುತ್ತಿದ ಸುರುಟಿನ ಹಾಗೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮಗಳಲ್ಲೂ ಎರಡಕ್ಕೂ ಬೇರೆ ಬೇರೆ ಮಾನದಂಡ ಇದೆ. ಅಂಗಡಿಯ ಲೇಬಲ್ಲಿನಲ್ಲಿ ಮಾತ್ರ ಎರಡೂ ಒಂದೇ.

ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಜಾಸ್ತಿ. ಕೆಲವರ ಪಿತ್ತಜನಕಾಂಗಕ್ಕೆ ಅದು ಆಗಿಬರುವುದಿಲ್ಲ. ಯುರೋಪಿನಲ್ಲಿ ದಿನವೂ ತಿನ್ನುವುದಾದರೆ ದೇಹದ ತೂಕದ ಒಂದು ಕಿಲೋಗೆ 0.1 ಮಿಲಿಗ್ರಾಂ ಎಂದು ಮಿತಿ ಇಟ್ಟಿದ್ದಾರೆ. ಜರ್ಮನಿಯ ಅಪಾಯ ಅಂದಾಜು ಸಂಸ್ಥೆಯ ಲೆಕ್ಕದಲ್ಲಿ 60 ಕಿಲೋ ತೂಕದವರಿಗೆ ಅದು ದಿನಕ್ಕೆ ಸುಮಾರು 2 ಗ್ರಾಂ ಕ್ಯಾಸಿಯಾ ಪುಡಿ. ಒಂದು ಟೀ ಚಮಚ ತುಂಬಿದರೆ ಹೆಚ್ಚುಕಮ್ಮಿ ಅಷ್ಟೇ. ವಾರಕ್ಕೊಮ್ಮೆ ಬಿರಿಯಾನಿಗೆ ಒಂದು ತುಂಡು ಹಾಕುವವರು ಹೆದರಬೇಕಾದ್ದಿಲ್ಲ. ಆದರೆ ಬೆಳಿಗ್ಗೆ ಎದ್ದು ಡಿಟಾಕ್ಸ್ ಅಂತ ಚಮಚಗಟ್ಟಲೆ ಚಕ್ಕೆ ಪುಡಿಯನ್ನು ಬಿಸಿನೀರಿಗೆ ಕಲಸಿ ಕುಡಿಯುವ ನಮ್ಮಂಥ ಆಫೀಸಿನವರು ಒಂಚೂರು ಯೋಚಿಸಬೇಕು. ಅದನ್ನು ಓದಿ ಬೆಚ್ಚಿದವರು ತಕ್ಷಣ ಆ್ಯಪ್ ತೆಗೆದು ಶ್ರೀಲಂಕಾದ ಸಿಲೋನ್ ಸಿನಮನ್ ಆರ್ಡರ್ ಮಾಡುತ್ತಾರೆ. ತಮಾಷೆ ಎಂದರೆ ಆ ಸಿಲೋನ್ ಜಾತಿಯ ಗಿಡ ನಮ್ಮ ಕರಾವಳಿಯ ಮುರಕಲ್ಲು ಮಣ್ಣಿನಲ್ಲಿ, ನಮ್ಮ ಮಳೆಯಲ್ಲಿ, ಯಾರ ಹಂಗೂ ಇಲ್ಲದೆ ಬೆಳೆಯುತ್ತದೆ. ಕೇರಳದ ಕಣ್ಣೂರಿನ ಅಂಜರಕಂಡಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲೇ ಅದರ ತೋಟ ಎಬ್ಬಿಸಿದ್ದರು.

ಹಾಗಾದರೆ ಹಾಡಿಯ ಮರದ ತೊಗಟೆ ಕೆತ್ತಿಕೊಂಡು ಬರೋಣವಾ? ಬೇಡ. ಇಲ್ಲಿ ನಾನು ಕಾಡು ಸುತ್ತುವ ಸ್ನೇಹಿತರ ಜೊತೆಗೂ ಜಗಳಕ್ಕೆ ನಿಲ್ಲುತ್ತೇನೆ. ನಿಂತ ಮರದ ಸುತ್ತ ತೊಗಟೆ ಬಿಡಿಸಿದರೆ ಮರ ಸಾಯುತ್ತದೆ, ಅಷ್ಟೇ. ಅಭಯಾರಣ್ಯದಲ್ಲೋ ಮೀಸಲು ಅರಣ್ಯದಲ್ಲೋ ಕೈ ಹಾಕಿದರೆ ಅದು ಅಪರಾಧ ಕೂಡ. ಘಟ್ಟದ ಮೇಲೂ ಕೆಳಗೂ ಈ ಮರ ಸೊರಗಲು ಇನ್ನೊಂದು ಕಾರಣ ದಾಲ್ಚಿನ್ನಿ ಮೊಗ್ಗು. ಬಲಿಯದ ಕಾಯಿಯನ್ನು ಮೊಗ್ಗು ಎಂದು ಕರೆದು ಮಸಾಲೆಗೆ ಮಾರುತ್ತಾರೆ. ಹತ್ತಿ ಕೊಯ್ಯಲು ತಾಳ್ಮೆ ಇಲ್ಲದವರು ಕೊಂಬೆಯನ್ನೇ ಕಡಿದು ಉರುಳಿಸುತ್ತಾರೆ. ಕಾಯಿ ಬಲಿಯುವುದಿಲ್ಲ, ಹಣ್ಣಾಗುವುದಿಲ್ಲ, ಕುಟ್ರುಹಕ್ಕಿಗೂ ಪಿಕಳಾರಕ್ಕೂ ಊಟ ಇಲ್ಲ, ಮಣ್ಣಿಗೆ ಬೀಜ ಇಲ್ಲ. ಹಾಗಿರುವಾಗ ಹೊಸ ಮರ ಎಲ್ಲಿಂದ ಬರಬೇಕು?

ಹಿಂದಿನವರು ತೊಗಟೆ ತೆಗೆಯುತ್ತಿರಲಿಲ್ಲವೇ? ತೆಗೆಯುತ್ತಿದ್ದರು. ಬ್ರಹ್ಮಾವರದಿಂದ ತೆಂಕಕ್ಕೆ ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಹಾಲೆ ಮರದ ತೊಗಟೆ ತಂದು ಕಷಾಯ ಮಾಡಿ ಕುಡಿಯುವ ಕ್ರಮ ಈಗಲೂ ಇದೆ. ಅದಕ್ಕೆ ಕತ್ತಿ ಮುಟ್ಟಿಸಬಾರದು. ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಕಲ್ಲಿನಿಂದ ಜಜ್ಜಿದರೆ ಎಷ್ಟು ಬಂದೀತು? ಮನೆಮಂದಿಗೆ ಒಂದೊಂದು ಗುಟುಕಿಗಾಗುವಷ್ಟು. ವರ್ಷಕ್ಕೆ ಒಂದೇ ದಿನ. ನಂಬಿಕೆಯ ಮಾತು ಬಿಡಿ, ಆ ಕಟ್ಟಳೆ ಮರವನ್ನು ಉಳಿಸುತ್ತಿತ್ತು. ಅದೇ ಅಮಾವಾಸ್ಯೆಯ ದಿನ ನಾವು ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುತ್ತೇವೆ. ಬೆಂಗಳೂರಿನಲ್ಲಿ ಸಭಾಂಗಣ ಬುಕ್ ಮಾಡಿ, ಕೊಟ್ಟೆ ಕಡುಬು, ಕೋಳಿಸಾರು ಮಾಡಿಸಿ, “ಹ್ವಾಯ್” ಎಂದು ಬರೆದ ಟೀ ಶರ್ಟ್ ಹಾಕಿಕೊಂಡು ಭಾಷೆ ಉಳಿಸುತ್ತೇವೆ. ಉಳಿಸೋಣ, ನಾನೂ ಹೋಗುತ್ತೇನೆ. ಆದರೆ ಹಾಡಿ, ಹಕ್ಕಲು, ದರಗು, ಸೊಪ್ಪು ಎಂಬ ಮಾತುಗಳಿಗೆಲ್ಲ ನೆಲ ಬೇಡವೇ? ಹಾಡಿ ಹೋದ ಮೇಲೆ ಹಾಡಿ ಎಂಬ ಶಬ್ದವನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿ ಏನು ಮಾಡುವುದು?

ಈಗ ನಮ್ಮ ಮನೆಯದ್ದೇ ಹೇಳುತ್ತೇನೆ. ಬೈಂದೂರಿನ ಕಡೆಯ ನಮ್ಮ ಮೂಲಮನೆಗೆ ಒಂದು ಹಾಡಿ ಇದೆ. ಪಾಲುದಾರರು ಏಳು ಮಂದಿ, ಊರಲ್ಲಿರುವವರು ಚಿಕ್ಕಮ್ಮ ಒಬ್ಬರೇ. ಕಳೆದ ವರ್ಷ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಪ್ರಸ್ತಾವ ಬಂತು: ಹಾಡಿ ಕ್ಲೀನ್ ಮಾಡ್ಸುದು. ಜೆಸಿಬಿಯವರು ಎರಡು ದಿನದ ಕೆಲಸ ಅಂದಿದ್ದಾರೆ, ಮರ ಕೊಳ್ಳುವವರು ತಾವೇ ಬಂದು ಸಾಗಿಸುತ್ತಾರೆ, ಆಮೇಲೆ ರಬ್ಬರ್ ಹಾಕಬಹುದು, ಇಲ್ಲದಿದ್ದರೆ ಹೋಮ್‌ಸ್ಟೇ. ಏಳರಲ್ಲಿ ಐದು ಜನ ಒಪ್ಪಿಗೆ ಹಾಕಿದರು. ನಾನು ವಿಡಿಯೋ ಕಾಲ್ ಮಾಡಿದಾಗ ಚಿಕ್ಕಮ್ಮ ಕೇಳಿದ್ದು ಎರಡೇ ಪ್ರಶ್ನೆ. “ಕ್ಲೀನ್ ಅಂದ್ರ್ ಎಂತದಾ? ಅಲ್ಲ್ ಕಸ ಎಂತ ಇತ್ತ್?” ಇನ್ನೊಂದು: “ಹಾಡಿ ಕಡದ್ರೆ ಬಾಮಿಗೆ ನೀರ್ ಎಲ್ಲಿಂದ ಬತ್ತ್?”

ಈ ಎರಡು ಪ್ರಶ್ನೆಗೆ ಎಂ.ಬಿ.ಎ. ಮಾಡಿದ ನಮ್ಮ ಏಳು ಜನರ ಗ್ರೂಪಿನಲ್ಲಿ ಈವರೆಗೆ ಉತ್ತರ ಬಂದಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಸೀಮೆ ನಮ್ಮದು. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟೋ ಊರಿಗೆ ಟ್ಯಾಂಕರ್ ಬರುತ್ತದೆ. ಮುರಕಲ್ಲಿನ ದಿಬ್ಬದ ಮೇಲೆ ಮರವೂ ದರಗೂ ಇದ್ದರೆ ಮಳೆನೀರು ನಿಧಾನಕ್ಕೆ ಇಂಗುತ್ತದೆ. ಬೋಳು ಮಾಡಿದರೆ ಕೆಂಪುಮಣ್ಣನ್ನೂ ಹೊತ್ತುಕೊಂಡು ಹೊಳೆ ಸೇರುತ್ತದೆ. ಇದು ಪರಿಸರವಾದಿಗಳ ಕವಿತೆಯಲ್ಲ, ಚಿಕ್ಕಮ್ಮನ ಬಾವಿಯ ಲೆಕ್ಕ. ಸದ್ಯಕ್ಕೆ ಪ್ರಸ್ತಾವ ನಿಂತಿದೆ, ಸತ್ತಿಲ್ಲ. ಗ್ರೂಪಿನಲ್ಲಿ ಪ್ರತಿ ತಿಂಗಳು ಯಾರಾದರೂ ಒಬ್ಬರು ಅದನ್ನು ಮತ್ತೆ ಎಬ್ಬಿಸುತ್ತಾರೆ.

ಅವರ ವಾದಗಳನ್ನೂ ಹೇಳಬೇಕು. ಮೊದಲನೆಯದು ಹಾವು. ವಯಸ್ಸಾದವರು ಒಬ್ಬರೇ ಇರುವ ಮನೆ, ಭಯ ನಿಜ. ಅದಕ್ಕೆ ಮನೆಯ ಸುತ್ತ ಇಪ್ಪತ್ತು ಅಡಿ ಪೊದೆ ಸವರಿಸಿ, ಬಚ್ಚಲಿಗೆ ಹೋಗುವ ದಾರಿಗೆ ದೀಪ ಹಾಕಿಸಿ. ಅದಕ್ಕೆ ಎರಡು ಎಕರೆ ಬೋಳಿಸಬೇಕಾಗಿಲ್ಲ. ಎರಡನೆಯದು ಆದಾಯ. ನಾಲ್ಕು ದಾಲ್ಚಿನ್ನಿ ಮರದಿಂದ ಯಾರೂ ಶ್ರೀಮಂತರಾಗುವುದಿಲ್ಲ, ಆ ಸುಳ್ಳನ್ನು ನಾನು ಹೇಳಲಾರೆ. ಚಕ್ಕೆ ಸುಲಿಯುವುದು ಕೈಪಳಗಿದವರ ಕೆಲಸ, ನಮ್ಮಲ್ಲಿ ಅಂಥ ಕೆಲಸದವರು ಸುಲಭಕ್ಕೆ ಸಿಗುವುದಿಲ್ಲ. ಆದರೆ ತಿಂಗಳಿಗೆ ಲಕ್ಷ ಎಣಿಸುವ ಏಳು ಜನರಿಗೆ ಹಾಡಿಯಿಂದ ಬರುವ ರಬ್ಬರ್ ಹಾಲಿನ ದುಡ್ಡು ನಿಜವಾಗಿ ಬೇಕಾ? ಬೇಕಾಗಿರುವುದು ಚಿಕ್ಕಮ್ಮನಿಗೆ ಬೇಸಿಗೆಯಲ್ಲಿ ನೀರು. ಮೂರನೆಯದು, “ನಮ್ಮ ಜಾಗ, ನಮ್ಮ ಇಷ್ಟ.” ಪಟ್ಟಾ ಜಾಗವಾದರೆ ಕಾಗದದ ಮೇಲೆ ಹೌದು, ಅಲ್ಲೂ ಮರ ಕಡಿಯಲು ಅನುಮತಿಯ ನಿಯಮಗಳಿವೆ. ಕುಮ್ಕಿಯಾದರೆ ಕಾಗದದ ಮೇಲೂ ಅಲ್ಲ.

ಮರ ಬೇಕು ಅನ್ನುವವರಿಗೆ ದಾರಿ ಇದೆ. ಮನೆಯಂಗಳದಲ್ಲಿ ಒಂದು ಅಸಲಿ ದಾಲ್ಚಿನ್ನಿ ಗಿಡ ನೆಡಿ. ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲೋ ಸಸಿ ವಿಚಾರಿಸಿ. ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ನವಶ್ರೀ, ನಿತ್ಯಶ್ರೀ ಎಂಬ ತಳಿಗಳನ್ನು ಕೊಟ್ಟಿದೆ. ಬೀಜದಿಂದಲೇ ಮಾಡುವುದಾದರೆ ಮಳೆಗಾಲದಲ್ಲಿ ಕಪ್ಪಗೆ ಹಣ್ಣಾದ ಕಾಯಿಯ ತಿರುಳು ತೊಳೆದು ಕೂಡಲೇ ಬಿತ್ತಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಬೀಜ ಸಾಯುತ್ತದೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಒಂದೂವರೆ ಅಡಿ ಹೊಂಡ ತೋಡಿ, ಹಟ್ಟಿಗೊಬ್ಬರ ಹಾಕಿ ನೆಡಿ. ನೀರು ನಿಲ್ಲಬಾರದು. ಮೊದಲ ಎರಡು ಬೇಸಿಗೆ ಬುಡಕ್ಕೆ ದರಗು ಹಾಕಿ, ಒಂದಿಷ್ಟು ನೆರಳು, ನೀರು ಕೊಡಿ.

ಎರಡು ಮೂರು ವರ್ಷಕ್ಕೆ ಗಿಡವನ್ನು ನೆಲದಿಂದ ಒಂದಡಿ ಬಿಟ್ಟು ಕಡಿಯಬೇಕು. ಹೆದರಬೇಡಿ, ಬುಡದಿಂದ ನಾಲ್ಕೈದು ಚಿಗುರು ಒಟ್ಟಿಗೆ ಏಳುತ್ತವೆ. ಆ ಕೋಲುಗಳು ಹೆಬ್ಬೆರಳ ಗಾತ್ರಕ್ಕೆ ಬಂದು ಹೊರಸಿಪ್ಪೆ ಕಂದಾದಾಗ, ಚಿಗುರಿನ ಕೆಂಪು ಹೋಗಿ ಎಲೆ ಹಸಿರಾದಾಗ, ಕತ್ತಿಯ ಮೊನೆಯಿಂದ ಒಂದು ಗೀರು ಹಾಕಿ ನೋಡಿ. ತೊಗಟೆ ಸಲೀಸಾಗಿ ಬಿಟ್ಟುಕೊಂಡರೆ ಕೊಯ್ಲಿಗೆ ತಯಾರು. ಹೊರಸಿಪ್ಪೆ ಹೆರೆದು, ಒಳತೊಗಟೆ ಉದ್ದಕ್ಕೆ ಸೀಳಿ ಬಿಡಿಸಿ, ಒಂದರೊಳಗೊಂದು ಇಟ್ಟು ನೆರಳಲ್ಲಿ ಒಣಗಿಸಿದರೆ ತಾನೇ ಸುರುಳಿಯಾಗುತ್ತದೆ. ಕೋಲು ಕಡಿದಷ್ಟೂ ಬುಡ ಮತ್ತೆ ಚಿಗುರುತ್ತದೆ. ಇದು ಕೊಲ್ಲದೆ ತೆಗೆಯುವ ವಿಧಾನ. ನೆಟ್ಟು ಬೆಳೆಸಿದ ಗಿಡಕ್ಕೆ ಇದು ಸರಿ, ಹಾಡಿಯ ದೊಡ್ಡ ಮರದ ತಂಟೆಗೆ ಹೋಗಬೇಡಿ.

ತೊಗಟೆಯ ರಗಳೆಯೇ ಬೇಡ ಎಂದರೆ ಎಲೆ ಸಾಕು. ಅಂಗಡಿಯಲ್ಲಿ ಸಿಗುವ ಒಣಗಿದ ಪಲಾವ್ ಎಲೆ ಕೂಡ ದಾಲ್ಚಿನ್ನಿಯ ಜಾತಿಯದ್ದೇ, ಹಿಮಾಲಯದ ತಪ್ಪಲಿನದು. ಸಂಸ್ಕೃತದ ತಮಾಲಪತ್ರ ಎಂಬ ಹೆಸರು ಗ್ರೀಕರ ಬಾಯಲ್ಲಿ ಮಾಲಾಬಾತ್ರಮ್ ಆಯಿತು, ಕ್ರಿ.ಶ. 1ನೇ ಶತಮಾನದ ಪೆರಿಪ್ಲಸ್ ಎಂಬ ನಾವಿಕರ ಕೈಪಿಡಿಯಲ್ಲಿ ಪಶ್ಚಿಮ ಕರಾವಳಿಯ ಬಂದರುಗಳಿಂದ ಕರಿಮೆಣಸಿನ ಜೊತೆ ಹೋಗುತ್ತಿದ್ದ ಸರಕಿನಲ್ಲಿ ಅದೂ ಇದೆ. ರೋಮಿನವರು ಹಡಗು ಕಳಿಸಿ ತರಿಸಿಕೊಂಡ ಎಲೆ. ಕೇರಳದವರು ಕಾಡು ದಾಲ್ಚಿನ್ನಿಯ ಎಲೆಗೆ ವಯಣ ಎನ್ನುತ್ತಾರೆ. ಅದನ್ನು ಕೋನ್ ಮಾಡಿ ಅಕ್ಕಿಹಿಟ್ಟು, ಬೆಲ್ಲ, ಬಾಳೆಹಣ್ಣು ತುಂಬಿ ಹಬೆಯಲ್ಲಿ ಬೇಯಿಸಿ ತೆರಳಿ ಅಪ್ಪ ಮಾಡುತ್ತಾರೆ. ಅರಿಶಿನ ಎಲೆ, ಹಲಸಿನ ಎಲೆ, ಬಾಳೆ ಎಲೆ, ಎಲ್ಲದರಲ್ಲೂ ಕಡುಬು ಬೇಯಿಸುವ ನಮಗೆ ಇದೊಂದು ಎಲೆ ಹೇಗೆ ತಪ್ಪಿತೋ! ಊರಿಗೆ ಹೋದಾಗ ಹತ್ತು ಎಲೆ ಕೊಯ್ದು ತನ್ನಿ. ಹತ್ತು ಎಲೆ ಹೋದರೆ ಮರಕ್ಕೆ ಏನೂ ಆಗುವುದಿಲ್ಲ.

ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ದೊಡ್ಡ ಕುಂಡದಲ್ಲೂ ಈ ಗಿಡ ಬದುಕುತ್ತದೆ, ಎಲೆಗೆ ಮೋಸ ಇಲ್ಲ. ಇಡಿ. ಆದರೆ ಬಾಲ್ಕನಿಯಲ್ಲಿ ಒಂದು ಕುಂಡ ಇಟ್ಟು, ಊರಿನಲ್ಲಿ ಎರಡು ಎಕರೆ ಹಾಡಿಗೆ ಜೆಸಿಬಿ ಬಿಟ್ಟು, ಸ್ಟೇಟಸ್ಸಿನಲ್ಲಿ ಹಸಿರು ಎಮೋಜಿ ಹಾಕುವವರ ಸಾಲಿಗೆ ಮಾತ್ರ ಸೇರಬೇಡಿ. ನೆಟ್ಟ ಒಂದು ಗಿಡ ನಿಂತ ನೂರು ಮರಕ್ಕೆ ಬದಲಿ ಅಲ್ಲ.

ಮುಂದಿನ ಸಲ ರಜೆ ಹಾಕಿ ಊರಿಗೆ ಹೋದಾಗ ಮಲ್ಪೆ, ಮರವಂತೆಯ ಬೀಚಿಗೆ ಹೋಗುವ ಮೊದಲು ಅರ್ಧ ಗಂಟೆ ಮನೆಯ ಹಿಂದಕ್ಕೆ ಹೋಗಿ. ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಒಂದೊಂದೇ ಮರದ ಹೆಸರು ಕೇಳಿ, ಫೋನಿನಲ್ಲಿ ಬರೆದುಕೊಳ್ಳಿ, ಫೋಟೋ ತೆಗೆದುಕೊಳ್ಳಿ. ಆ ಪಟ್ಟಿಯನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ. ಹೆಸರಿರುವ ನಲವತ್ತು ಮರಗಳ ಪಟ್ಟಿ ಕಣ್ಣೆದುರಿಗೆ ಇದ್ದರೆ “ಕ್ಲೀನ್” ಎಂದು ಟೈಪ್ ಮಾಡಲು ಕೈ ಸ್ವಲ್ಪವಾದರೂ ಹಿಂಜರಿಯುತ್ತದೆ. ಜೆಸಿಬಿಯವರಿಗೆ ಈಗಾಗಲೇ ಅಡ್ವಾನ್ಸ್ ಕೊಟ್ಟಾಗಿದ್ದರೆ ವಾಪಸ್ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ, ಅಷ್ಟು ದುಡ್ಡು ಹೋದರೆ ಹೋಗಲಿ.